ಗ್ರಬ್‌ಗೆ ಕಂಡ ಡಿಸ್ಕ್ ಕರ್ನಲ್‌ಗೆ ಕಾಣಲಿಲ್ಲ: ಹೊಸ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಬೂಟ್ ಆಗದ ಒಂದು ಪ್ರಕರಣ

ದೂರು ಶುರುವಾಗಿದ್ದು ಬೂಟ್ ಬಗ್ಗೆ ಅಲ್ಲ, ವೇಗದ ಬಗ್ಗೆ. ಪುಸ್ತಕ ವಿನ್ಯಾಸ ಮತ್ತು ಡಿಟಿಪಿ ಮಾಡುವ ಒಂದು ಸಣ್ಣ ಕಚೇರಿ. ಅಲ್ಲಿನ ಮುಖ್ಯ ಕಂಪ್ಯೂಟರಿನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಇತ್ತು. ಸ್ಕ್ರೈಬಸ್, ಇಂಕ್‌ಸ್ಕೇಪ್, ಗಿಂಪ್, ವರ್ಷಗಳಿಂದ ಸೇರಿಸಿಟ್ಟ ಕನ್ನಡ ಫಾಂಟುಗಳು, ಮುಗಿದ ಮತ್ತು ಮುಗಿಯದ ಪುಸ್ತಕಗಳ ಕಡತಗಳು ಎಲ್ಲ ಅದರಲ್ಲೇ. ಹಾರ್ಡ್ ಡಿಸ್ಕ್ ತುಂಬಾ ನಿಧಾನ ಅಂತ 500 ಜಿಬಿಯ ಹೊಸ ಎನ್‌ವಿಎಂಇ (ಹೆಚ್ಚು ವೇಗದ ಜೋಡಣೆಯ) ಎಸ್‌ಎಸ್‌ಡಿ ಹಾಕಿಸಿದರು. ಹಾಕಿಕೊಟ್ಟವರು ಹಳೆಯ ಸಿಸ್ಟಮ್ಮನ್ನು ಹೊಸ ಡಿಸ್ಕಿಗೆ ನಕಲು ಮಾಡಿ, ಬೂಟ್ ಮಾಡಿ ತೋರಿಸಿ ಹೋದರು. ಹಳೆಯ ಡಿಸ್ಕನ್ನು ಬ್ಯಾಕಪ್ ಇರಲಿ ಅಂತ ಒಳಗೇ ಬಿಟ್ಟಿದ್ದರು.

ಕೆಲವು ವಾರ ಕಳೆದರೂ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಲಾಗಿನ್ ಪರದೆ ಬರಲು ಮೊದಲಿನಷ್ಟೇ ಹೊತ್ತು. ಆಮೇಲೆ ಹಳೆಯ ಡಿಸ್ಕ್ ಸದ್ದು ಮಾಡುತ್ತಿದೆ ಅಂತ ಅದರ ಕೇಬಲ್ ತೆಗೆದರು. ಕಂಪ್ಯೂಟರ್ ಬೂಟ್ ಆಗಲೇ ಇಲ್ಲ. ಕಪ್ಪು ಪರದೆ, ಮೂಲೆಯಲ್ಲಿ ‘ಗ್ರಬ್>’ ಎಂಬ ಸಾಲು, ಅಷ್ಟೇ. ಗ್ರಬ್ ಅಂದರೆ ಲಿನಕ್ಸನ್ನು ಎಬ್ಬಿಸುವ ಬೂಟ್ ಪ್ರೋಗ್ರಾಂ. ‘ಎಸ್‌ಎಸ್‌ಡಿ ಕೆಟ್ಟಿದೆ, ವಾಪಸ್ ಕೊಡಿ’ ಅಂತ ಒಬ್ಬರು, ‘ಸುಮ್ನೆ ಹೊಸದಾಗಿ ಇನ್‌ಸ್ಟಾಲ್ ಮಾಡಿ’ ಅಂತ ಇನ್ನೊಬ್ಬರು ಸಲಹೆ ಕೊಟ್ಟಿದ್ದರು. ಎರಡೂ ಬೇಕಿರಲಿಲ್ಲ.

ನಾನು ಮೊದಲು ಮಾಡಿದ್ದು ಹಳೆಯ ಡಿಸ್ಕಿನ ಕೇಬಲ್ ಮತ್ತೆ ಹಾಕಿದ್ದು. ಕಂಪ್ಯೂಟರ್ ಎಂದಿನಂತೆ ಶುರುವಾಯಿತು. ಟರ್ಮಿನಲ್ ತೆರೆದು ‘ಫೈಂಡ್‌ಮೌಂಟ್ /’ ಎಂಬ ಆಜ್ಞೆ ಕೊಟ್ಟೆ. ಈಗ ಓಡುತ್ತಿರುವ ಸಿಸ್ಟಮ್ ಯಾವ ಡಿಸ್ಕಿನ ಯಾವ ಭಾಗದಲ್ಲಿದೆ ಎಂದು ಇದು ಹೇಳುತ್ತದೆ. ಉತ್ತರ: ಎಸ್‌ಡಿಎ2. ಅಂದರೆ ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಹಾರ್ಡ್ ಡಿಸ್ಕ್. ಹೊಸ ಎಸ್‌ಎಸ್‌ಡಿಯ ಹೆಸರು ಎನ್‌ವಿಎಂಇ0ಎನ್1, ಅದರ ಎರಡನೇ ಭಾಗ ಎನ್‌ವಿಎಂಇ0ಎನ್1ಪಿ2. ಅದು ಪಟ್ಟಿಯಲ್ಲಿತ್ತು, ಆದರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಇಷ್ಟು ವಾರವೂ ಕಚೇರಿ ಹಳೆಯ ಡಿಸ್ಕಿನ ಮೇಲೇ ನಡೆದಿತ್ತು.

ಇದರಿಂದ ಎರಡು ವಿಷಯ ಗೊತ್ತಾಯಿತು. ವೇಗ ಬರದಿದ್ದಕ್ಕೆ ಕಾರಣ ಸಿಕ್ಕಿತು. ಅದಕ್ಕಿಂತ ಮುಖ್ಯವಾದದ್ದು, ನಕಲು ಮಾಡಿದ ದಿನದಿಂದ ಈಚೆಗೆ ಮಾಡಿದ ಕೆಲಸವೆಲ್ಲ ಹಳೆಯ ಡಿಸ್ಕಿನಲ್ಲಿ ಮಾತ್ರ ಇದೆ. ಆತುರದಲ್ಲಿ ಎಸ್‌ಎಸ್‌ಡಿಯ ಬೂಟ್ ಸರಿ ಮಾಡಿ, ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಟ್ಟರೆ ಆ ವಾರಗಳ ಪ್ರೂಫ್ ತಿದ್ದುಪಡಿಗಳೆಲ್ಲ ಹೋಗುತ್ತಿದ್ದವು. ಬೂಟ್ ತೊಂದರೆ ನೋಡಲು ಕೂರುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ನನಗೆ ಅನಿಸುತ್ತದೆ: ಇತ್ತೀಚಿನ ಕಡತಗಳು ನಿಜವಾಗಿ ಎಲ್ಲಿವೆ?

ಈಗ ಬೂಟ್ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನೋಡೋಣ. ಇದು ಗೊತ್ತಿಲ್ಲದಿದ್ದರೆ ಮುಂದಿನದು ಬರೀ ಆಜ್ಞೆಗಳ ಸಾಲು ಅನಿಸುತ್ತದೆ.

ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡಿನ ಯುಇಎಫ್‌ಐ ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಮೊದಲು ಏಳುತ್ತದೆ. ಅದರ ಸ್ವಂತ ಮೆಮೊರಿಯಲ್ಲಿ ಒಂದು ಬೂಟ್ ಪಟ್ಟಿ ಇರುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದು ಪಾರ್ಟಿಶನ್ನಿನ (ಡಿಸ್ಕಿನ ಭಾಗದ) ಗುರುತು ಸಂಖ್ಯೆ ಮತ್ತು ಒಂದು ಕಡತದ ದಾರಿ. ಆ ಪಾರ್ಟಿಶನ್ನಿಗೆ ಇಎಸ್‌ಪಿ ಅನ್ನುತ್ತಾರೆ. ಅದರಲ್ಲಿ ಗ್ರಬ್ ಇರುತ್ತದೆ. ಗ್ರಬ್ ಎದ್ದ ಮೇಲೆ ತನ್ನ ಪಕ್ಕದಲ್ಲೇ ಇರುವ ಮೂರು ಸಾಲಿನ ಪುಟ್ಟ ಕಡತವೊಂದನ್ನು ಓದುತ್ತದೆ. ‘ಈ ಯುಯುಐಡಿ ಇರುವ ಫೈಲ್ ಸಿಸ್ಟಮ್ ಹುಡುಕು, ಅದರೊಳಗಿನ ದೊಡ್ಡ ಕಾನ್ಫಿಗ್ ಕಡತ ಓದು’ ಎಂದಷ್ಟೇ ಅದರಲ್ಲಿರುತ್ತದೆ. ಯುಯುಐಡಿ ಅಂದರೆ ಫೈಲ್ ಸಿಸ್ಟಮ್ಮಿನ ಗುರುತು ಸಂಖ್ಯೆ. ದೊಡ್ಡ ಕಡತ ಓದಿ ಗ್ರಬ್ ಲಿನಕ್ಸಿನ ತಿರುಳಾದ ಕರ್ನಲ್ಲನ್ನೂ ಇನಿಟ್‌ರಾಮ್‌ಎಫ್‌ಎಸ್ಸನ್ನೂ ಮೆಮೊರಿಗೆ ತರುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಅಂದರೆ ನಿಜವಾದ ಡಿಸ್ಕ್ ಸಿಗುವ ತನಕ ಕರ್ನಲ್ ಬಳಸುವ ಪುಟ್ಟ ಸಿಸ್ಟಮ್. ಡಿಸ್ಕಿನ ಡ್ರೈವರ್ ಅದರೊಳಗಿರುತ್ತದೆ. ಅದು ರೂಟ್ ಫೈಲ್ ಸಿಸ್ಟಮ್ಮನ್ನು (ಸಿಸ್ಟಮ್ಮಿನ ಕಡತಗಳಿರುವ ಮುಖ್ಯ ಭಾಗವನ್ನು) ಮೌಂಟ್ ಮಾಡಿ, ಅಂದರೆ ಬಳಕೆಗೆ ಜೋಡಿಸಿ, ಆಡಳಿತವನ್ನು ಉಳಿದ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿಗೆ ಒಪ್ಪಿಸುತ್ತದೆ. ಸಿಸ್ಟಮ್‌ಡಿ ಎಫ್‌ಎಸ್‌ಟ್ಯಾಬ್ ಕಡತ ನೋಡಿ ಉಳಿದ ಭಾಗಗಳನ್ನು ಮೌಂಟ್ ಮಾಡುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಒಂದೇ ಡಿಸ್ಕನ್ನು ಪ್ರತಿ ಹಂತದಲ್ಲೂ ಬೇರೆ ಬೇರೆಯವರು ಹೊಸದಾಗಿ ಹುಡುಕುತ್ತಾರೆ. ಪ್ರತಿಯೊಬ್ಬರ ಹತ್ತಿರವೂ ತಮ್ಮದೇ ಒಂದು ವಿಳಾಸ ಬರೆದಿಟ್ಟಿರುತ್ತದೆ. ಮನೆ ಬದಲಾಯಿಸಿದಾಗ ಸಾಮಾನೆಲ್ಲ ಬಂದರೂ ಬ್ಯಾಂಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ರೇಷನ್ ಕಾರ್ಡಿನಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದಲ್ವಾ, ಹಾಗೆ. ಇಲ್ಲಿ ಕಡತ ನಕಲು ಮಾಡುವ ಆರ್‌ಸಿಂಕ್ ಆಜ್ಞೆ ಸಾಮಾನು ಸಾಗಿಸಿತ್ತು. ವಿಳಾಸಗಳನ್ನು ಯಾರೂ ಬದಲಾಯಿಸಿರಲಿಲ್ಲ.

ನಕಲು ಮಾಡಿದವರ ಕೆಲಸ ಅರ್ಧ ಸರಿಯಾಗೇ ಇತ್ತು. ಹೊಸ ಡಿಸ್ಕಿನಲ್ಲಿ ಜಿಪಿಟಿ ಟೇಬಲ್ (ಭಾಗಗಳ ಪಟ್ಟಿ) ಮಾಡಿ, ಇಎಸ್‌ಪಿ, ರೂಟ್, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಎಂದು ಮೂರು ಭಾಗ ಮಾಡಿದ್ದರು. ಕಡತಗಳನ್ನೆಲ್ಲ ನಕಲು ಮಾಡಿದ್ದರು. ಫರ್ಮ್‌ವೇರ್ ಪಟ್ಟಿಯಲ್ಲಿ ಹೊಸ ಇಎಸ್‌ಪಿಗೆ ಒಂದು ಸಾಲು ಕೂಡ ಸೇರಿಸಿದ್ದರು. ಹಾಗಾಗಿ ಫರ್ಮ್‌ವೇರ್ ಹೊಸ ಎಸ್‌ಎಸ್‌ಡಿಗೇ ಹೋಗುತ್ತಿತ್ತು, ಅಲ್ಲಿನ ಗ್ರಬ್ಬನ್ನೇ ಎಬ್ಬಿಸುತ್ತಿತ್ತು. ಆದರೆ ಆ ಮೂರು ಸಾಲಿನ ಕಡತ ಅಕ್ಷರಶಃ ನಕಲಾಗಿತ್ತು. ಅದರಲ್ಲಿದ್ದದ್ದು ಹಳೆಯ ರೂಟ್‌ನ ಯುಯುಐಡಿ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಭಾಗಕ್ಕೆ ಹೊಸ ಯುಯುಐಡಿ ಬರುತ್ತದೆ. ಗ್ರಬ್ ಹಳೆಯದನ್ನು ಹುಡುಕಿತು, ಹಳೆಯ ಡಿಸ್ಕಿನಲ್ಲಿ ಸಿಕ್ಕಿತು, ಅಲ್ಲಿನ ಕರ್ನಲ್ ತಂದಿತು. ಎರಡೂ ಡಿಸ್ಕ್ ಇದ್ದಾಗ ಎಲ್ಲ ಚೆನ್ನಾಗಿದೆ ಅನಿಸುವುದು ಇದಕ್ಕೇ. ಹಳೆಯ ಡಿಸ್ಕ್ ಬಿಚ್ಚಿಟ್ಟು ಒಮ್ಮೆ ಬೂಟ್ ಮಾಡಿ ನೋಡುವ ತನಕ ನಕಲು ಮುಗಿಯಿತು ಅನ್ನಬಾರದು.

ಮುಂದಿನ ಕೆಲಸಕ್ಕೆ ಮುಂಚೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಓಡುವ ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ) ಬೂಟ್ ಮಾಡಿ, ಹಳೆಯ ರೂಟ್‌ನಿಂದ ಹೊಸ ರೂಟ್‌ಗೆ ಇನ್ನೊಮ್ಮೆ ಆರ್‌ಸಿಂಕ್ ಓಡಿಸಿದೆ. ಅನುಮತಿಗಳು, ಎಸಿಎಲ್, ಹಾರ್ಡ್ ಲಿಂಕುಗಳು ಉಳಿಯುವ ಆಯ್ಕೆಗಳನ್ನು ಕೊಟ್ಟು, ಒಂದೇ ಫೈಲ್ ಸಿಸ್ಟಮ್ ದಾಟದಂತೆ ಕಟ್ಟು ಹಾಕಿ. ಇದರಿಂದ ಬಾಕಿ ವಾರಗಳ ಕೆಲಸ ಹೊಸ ಡಿಸ್ಕಿಗೆ ಬಂತು. ಆಮೇಲೆ ಹಳೆಯ ಡಿಸ್ಕಿನ ಕೇಬಲ್ ತೆಗೆದು ಪಕ್ಕಕ್ಕಿಟ್ಟೆ. ಇನ್ನು ಮುಂದೆ ಏನೇ ಎಡವಟ್ಟಾದರೂ ಮೂಲ ಪ್ರತಿ ಭದ್ರ.

ಈಗ ಮತ್ತೆ ಆ ‘ಗ್ರಬ್>’ ಸಾಲು. ಇದನ್ನು ನೋಡಿ ಹೆದರುವವರು ಜಾಸ್ತಿ. ನಿಜಕ್ಕೂ ಇದು ಒಳ್ಳೆಯ ಸುದ್ದಿ. ಇಲ್ಲಿಗೆ ಬಂದಿದೆ ಅಂದರೆ ಫರ್ಮ್‌ವೇರ್ ತನ್ನ ಕೆಲಸ ಮುಗಿಸಿದೆ, ಇಎಸ್‌ಪಿ ಸರಿ ಇದೆ, ಗ್ರಬ್ ಎದ್ದಿದೆ. ಕಾನ್ಫಿಗ್ ಕಡತ ಮಾತ್ರ ಸಿಕ್ಕಿಲ್ಲ. ‘ಗ್ರಬ್ ರೆಸ್ಕ್ಯೂ>’ ಅಂತ ಬಂದರೆ ಅದು ಇನ್ನೊಂದು ಹೆಜ್ಜೆ ಹಿಂದೆ. ಗ್ರಬ್‌ಗೆ ತನ್ನದೇ ಮಾಡ್ಯೂಲುಗಳು (ಬೇಕಾದಾಗ ಸೇರಿಸಿಕೊಳ್ಳುವ ತುಣುಕುಗಳು) ಸಿಗುತ್ತಿಲ್ಲ ಎಂದರ್ಥ, ಅಲ್ಲಿ ಕೊಡಬಹುದಾದ ಆಜ್ಞೆಗಳೂ ಕಡಿಮೆ.

‘ಎಲ್‌ಎಸ್’ ಅಂತ ಕೊಟ್ಟೆ. ಎಚ್‌ಡಿ0 ಮತ್ತು ಅದರ ಮೂರು ಭಾಗಗಳ ಹೆಸರು ಬಂದವು. ಎರಡನೇ ಭಾಗದೊಳಗೆ ನೋಡಿದೆ, ಬೂಟ್, ಹೋಮ್, ಇಟಿಸಿ ಫೋಲ್ಡರುಗಳೆಲ್ಲ ಇದ್ದವು. ಎಸ್‌ಎಸ್‌ಡಿ ಕೆಟ್ಟಿದೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಡೆಬಿಯನ್ ತನ್ನ ರೂಟ್‌ನಲ್ಲೇ ಇತ್ತೀಚಿನ ಕರ್ನಲ್ಲಿಗೂ ಇನಿಟ್‌ರಾಮ್‌ಎಫ್‌ಎಸ್ಸಿಗೂ ಒಂದೊಂದು ಲಿಂಕ್ ಇಟ್ಟಿರುತ್ತದೆ. ಹಾಗಾಗಿ ಉದ್ದದ ಆವೃತ್ತಿ ಸಂಖ್ಯೆ ಟೈಪ್ ಮಾಡುವ ಕಷ್ಟ ಇಲ್ಲ. ರೂಟ್ ಎಚ್‌ಡಿ0ರ ಎರಡನೇ ಭಾಗ ಎಂದು ಹೇಳಿ, ‘ಲಿನಕ್ಸ್’ ಆಜ್ಞೆಗೆ ಕರ್ನಲ್ ಲಿಂಕ್ ಕೊಟ್ಟು, ರೂಟ್ ಡಿಸ್ಕ್ ಎನ್‌ವಿಎಂಇ0ಎನ್1ಪಿ2 ಎಂದು ಬರೆದು, ‘ಇನಿಟ್‌ಆರ್‌ಡಿ’ ಆಜ್ಞೆ ಕೊಟ್ಟು, ಕೊನೆಗೆ ‘ಬೂಟ್’ ಅಂದೆ. ಕರ್ನಲ್ ಶುರುವಾಯಿತು.

ಅರ್ಧ ನಿಮಿಷದಷ್ಟು ಕಾದು ನಿಂತಿತು. ರೂಟ್ ಫೈಲ್ ಸಿಸ್ಟಮ್ ಸಾಧನಕ್ಕಾಗಿ ಕಾದು ಸಾಕಾಯಿತು, ಎನ್‌ವಿಎಂಇ0ಎನ್1ಪಿ2 ಇಲ್ಲವೇ ಇಲ್ಲ, ಶೆಲ್‌ಗೆ ಹೋಗುತ್ತಿದ್ದೇನೆ ಎಂಬ ಸಂದೇಶ. ಕೆಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಬಿಜಿಬಾಕ್ಸ್ ಶೆಲ್, ಅಂದರೆ ಕೆಲವೇ ಆಜ್ಞೆ ಕೊಡಬಹುದಾದ ಪುಟ್ಟ ಟರ್ಮಿನಲ್.

ಪ್ರಕರಣದ ತಿರುಳು ಇರುವುದು ಇಲ್ಲಿ. ಈಗಷ್ಟೇ ಇದೇ ಡಿಸ್ಕಿನಿಂದ ಗ್ರಬ್ ಕರ್ನಲ್ಲನ್ನು ಓದಿ ತಂದಿದೆ. ಆ ಕರ್ನಲ್ ಈಗ ಆ ಡಿಸ್ಕೇ ಇಲ್ಲ ಅನ್ನುತ್ತಿದೆ. ಹೇಗೆ ಸಾಧ್ಯ? ಗ್ರಬ್ ಡಿಸ್ಕನ್ನು ಓದುವುದು ಫರ್ಮ್‌ವೇರಿನ ಸಹಾಯದಿಂದ. ಡಿಸ್ಕ್ ಎನ್‌ವಿಎಂಇ ಆಗಿರಲಿ, ಸಾಟಾ ಆಗಿರಲಿ, ಓದಿಕೊಡುವುದು ಫರ್ಮ್‌ವೇರಿನ ಒಳಗಿರುವ ಡ್ರೈವರ್. ಕರ್ನಲ್ ಶುರುವಾಗುವಾಗ ಆ ಸೇವೆಗಳನ್ನು ಮುಚ್ಚಿಬಿಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ತನ್ನದೇ ಡ್ರೈವರ್ ಬೇಕು.

ಡೆಬಿಯನ್ನಿನ ಈ ಸಂದೇಶ ತುಂಬಾ ಸಹಾಯ ಮಾಡುವಂಥದ್ದು. ಏನೇನು ನೋಡಬೇಕು ಎಂದು ಅದೇ ಪಟ್ಟಿ ಕೊಡುತ್ತದೆ: ಕರ್ನಲ್‌ಗೆ ಕೊಟ್ಟ ಸಾಲು ಸರಿ ಇದೆಯಾ, ಸಾಕಷ್ಟು ಹೊತ್ತು ಕಾದಿದೆಯಾ, ಮಾಡ್ಯೂಲುಗಳು ಬಂದಿವೆಯಾ. ಜನ ಅದನ್ನು ಓದದೆ ಪವರ್ ಬಟನ್ ಒತ್ತಿಬಿಡುತ್ತಾರೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೂ ಸಾಕು, ಸಹಾಯ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ.

ಆ ಶೆಲ್ಲಿನಲ್ಲಿ ಡೆವ್ ಫೋಲ್ಡರ್ ನೋಡಿದೆ. ಎನ್‌ವಿಎಂಇ ಹೆಸರಿನ ಒಂದೂ ಸಾಧನ ಇರಲಿಲ್ಲ. ಆಮೇಲೆ ಪಿಸಿಐ ಸಾಧನಗಳ ಕ್ಲಾಸ್ ಸಂಖ್ಯೆಗಳನ್ನು ಓದಿದೆ. ಅದರಲ್ಲಿ 0x010802 ಎಂಬ ಸಾಲು ಇತ್ತು. 01 ಎಂದರೆ ಶೇಖರಣಾ ಸಾಧನ, 08 ಎಂದರೆ ಫ್ಲಾಶ್‌ನಂಥ ಅಳಿಯದ ಮೆಮೊರಿ, 02 ಎಂದರೆ ಎನ್‌ವಿಎಂಇ. ಅಂದರೆ ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕೂತಿದೆ, ಕರ್ನಲ್‌ಗೆ ಯಂತ್ರಾಂಶ ಕಾಣುತ್ತಿದೆ, ಅದನ್ನು ನಡೆಸುವ ಡ್ರೈವರ್ ಇಲ್ಲ ಅಷ್ಟೇ. ‘ಮಾಡ್‌ಪ್ರೋಬ್ ಎನ್‌ವಿಎಂಇ’ ಕೊಟ್ಟಾಗ ಅಂಥ ಮಾಡ್ಯೂಲ್ ಸಿಗಲಿಲ್ಲ ಎಂಬ ಉತ್ತರ ಬಂತು.

ಲಿನಕ್ಸಿನಲ್ಲಿ ಎನ್‌ವಿಎಂಇ ಡ್ರೈವರ್ ಹೊಸದೇನಲ್ಲ. 2012ರಲ್ಲಿ ಬಂದ 3.3 ಕರ್ನಲ್ಲಿನಿಂದಲೂ ಇದೆ. ಡೆಬಿಯನ್ 12ರ 6.1 ಕರ್ನಲ್ಲಿನಲ್ಲೂ ಇದೆ, ಆದರೆ ಪ್ರತ್ಯೇಕ ಮಾಡ್ಯೂಲ್ ಆಗಿ. ಆ ಮಾಡ್ಯೂಲ್ ಇದ್ದದ್ದು ರೂಟ್ ಫೈಲ್ ಸಿಸ್ಟಮ್ಮಿನಲ್ಲಿ, ಅಂದರೆ ಎಸ್‌ಎಸ್‌ಡಿಯ ಒಳಗೆ. ಎಸ್‌ಎಸ್‌ಡಿ ತೆರೆಯಲು ಬೇಕಾದ ಡ್ರೈವರ್ ಎಸ್‌ಎಸ್‌ಡಿಯ ಒಳಗೇ ಇತ್ತು. ಇಂಥ ಸಂದರ್ಭಕ್ಕೆಂದೇ ಇನಿಟ್‌ರಾಮ್‌ಎಫ್‌ಎಸ್ ಇರುವುದು. ಹಾಗಿದ್ದರೆ ಅದರೊಳಗೆ ಯಾಕಿಲ್ಲ?

ಡೆಬಿಯನ್ ಸಾಮಾನ್ಯವಾಗಿ ಹೆಚ್ಚಿನ ಡಿಸ್ಕ್ ಡ್ರೈವರುಗಳನ್ನೆಲ್ಲ ಇನಿಟ್‌ರಾಮ್‌ಎಫ್‌ಎಸ್‌ಗೆ ತುಂಬುತ್ತದೆ. ಆ ನೀತಿಯ ಹೆಸರು ‘ಮೋಸ್ಟ್’. ಇನ್ನೊಂದು ನೀತಿ ಇದೆ, ‘ಡೆಪ್’. ಅದರಲ್ಲಿ ಈ ಕಂಪ್ಯೂಟರಿಗೆ ಈಗ ಬೇಕಾದ ಡ್ರೈವರುಗಳನ್ನು ಮಾತ್ರ ಸೇರಿಸುತ್ತದೆ. ಕಡತ ಚಿಕ್ಕದಾಗುತ್ತದೆ. ಎಕ್ಸ್‌ಪರ್ಟ್ ವಿಧಾನದಲ್ಲಿ ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ಈ ಪ್ರಶ್ನೆ ಕೇಳುತ್ತದೆ. ಆಗ ಈ ಕಂಪ್ಯೂಟರಿನಲ್ಲಿದ್ದದ್ದು ಸಾಟಾ ಡಿಸ್ಕ್ ಮಾತ್ರ. ಹಾಗಾಗಿ ಸಾಟಾಗೆ ಬೇಕಾದ ಎಎಚ್‌ಸಿಐ ಡ್ರೈವರ್ ಸೇರಿತ್ತು, ಎನ್‌ವಿಎಂಇ ಸೇರಿರಲಿಲ್ಲ. ಹಳೆಯ ಡಿಸ್ಕಿನಿಂದ ಓಡುತ್ತಿರುವ ತನಕ ಎಷ್ಟು ಕರ್ನಲ್ ಅಪ್‌ಡೇಟ್ ಬಂದರೂ ಅದು ಸೇರುತ್ತಿರಲಿಲ್ಲ. ಯಾಕೆಂದರೆ ರೂಟ್ ಇರುವುದು ಸಾಟಾ ಡಿಸ್ಕಿನ ಮೇಲೆ.

ಇದೇ ಕಾರಣಕ್ಕೆ ‘ಎಸ್‌ಎಸ್‌ಡಿ ಹಾಕಿದ್ದರಿಂದ ಬೂಟ್ ಆಗಲಿಲ್ಲ’ ಅನ್ನುವುದು ಪೂರ್ತಿ ಸರಿಯಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದ್ದರೆ ಈ ಹಂತದಲ್ಲಿ ಏನೂ ತೊಂದರೆ ಆಗುತ್ತಿರಲಿಲ್ಲ. ಅದೂ ಎಎಚ್‌ಸಿಐ ಡ್ರೈವರನ್ನೇ ಬಳಸುತ್ತದೆ. ಎಂ.2 ಆಕಾರದಲ್ಲೂ ಸಾಟಾ ಎಸ್‌ಎಸ್‌ಡಿಗಳಿವೆ. ನೋಡಲು ಎನ್‌ವಿಎಂಇಯಂತೆಯೇ ಚೂಯಿಂಗ್ ಗಮ್ ಪಟ್ಟಿಯಷ್ಟು ಇರುತ್ತವೆ, ಮಾತಾಡುವ ಭಾಷೆ ಮಾತ್ರ ಬೇರೆ. ಕೊಳ್ಳುವಾಗಲೂ ಬೂಟ್ ತೊಂದರೆ ಹುಡುಕುವಾಗಲೂ ಆಕಾರ ನೋಡಬೇಡಿ, ಲೇಬಲ್ ಓದಿ.

ಡಿಸ್ಕ್ ಕಾಣದಿರಲು ಬೇರೆ ಕಾರಣಗಳೂ ಇರುತ್ತವೆ. ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಫರ್ಮ್‌ವೇರ್ ಸೆಟ್ಟಿಂಗ್ ರೇಡ್ ಅಥವಾ ವಿಎಂಡಿ ಎಂದಿದ್ದರೆ ಎನ್‌ವಿಎಂಇ ಡಿಸ್ಕ್ ಇನ್ನೊಂದು ಕಂಟ್ರೋಲರಿನ ಹಿಂದೆ ಅಡಗಿರುತ್ತದೆ. ರೇಡ್ ಆದರೆ ಕರ್ನಲ್ ಲಾಗಿನಲ್ಲೇ ಎಎಚ್‌ಸಿಐಗೆ ಬದಲಿಸಿ ಎಂಬ ಸಾಲು ಬರುತ್ತದೆ. ವಿಎಂಡಿ ಆದರೆ ಆ ಹೆಸರಿನ ಮಾಡ್ಯೂಲ್ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಬೇಕು. ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೂಡ ಇದ್ದರೆ ಸೆಟ್ಟಿಂಗ್ ಬದಲಿಸುವ ಮುಂಚೆ ಯೋಚಿಸಿ, ಅದು ಬೂಟ್ ಆಗದೆ ನಿಲ್ಲಬಹುದು. ನಮ್ಮ ಪ್ರಕರಣದಲ್ಲಿ ಇದನ್ನು ಬೇಗ ಕೈಬಿಟ್ಟೆ. ಕ್ಲಾಸ್ ಸಂಖ್ಯೆ ನೇರವಾಗಿ ಕಾಣುತ್ತಿತ್ತು, ಲೈವ್ ಯುಎಸ್‌ಬಿಗೂ ಡಿಸ್ಕ್ ಕಂಡಿತ್ತು.

ಕಾರಣ ಸಿಕ್ಕ ಮೇಲೆ ದುರಸ್ತಿ ಕಷ್ಟದ್ದಲ್ಲ. ಮತ್ತೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದೆ. ಅದು ಯುಇಎಫ್‌ಐ ವಿಧಾನದಲ್ಲೇ ಬೂಟ್ ಆಗಿರಬೇಕು. ಸಿಸ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಸರಿ. ಇಲ್ಲದಿದ್ದರೆ ಬೂಟ್ ಮೆನುವಿನಲ್ಲಿ ಅದೇ ಯುಎಸ್‌ಬಿಯ ಯುಇಎಫ್‌ಐ ಎಂದು ಬರೆದಿರುವ ಸಾಲನ್ನು ಆರಿಸಿ. ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಆದರೆ ಫರ್ಮ್‌ವೇರ್ ಪಟ್ಟಿಗೆ ಏನನ್ನೂ ಬರೆಯಲು ಆಗುವುದಿಲ್ಲ.

ಹೊಸ ರೂಟನ್ನು ಎಂಎನ್‌ಟಿ ಫೋಲ್ಡರಿಗೆ ಮೌಂಟ್ ಮಾಡಿ, ಅದರ ಬೂಟ್ ಫೋಲ್ಡರಿನ ಇಎಫ್‌ಐ ಜಾಗಕ್ಕೆ ಇಎಸ್‌ಪಿಯನ್ನು ಮೌಂಟ್ ಮಾಡಿದೆ. ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ಒಳಕ್ಕೆ ಬೈಂಡ್ ಮಾಡಿ ಸಿಎಚ್‌ರೂಟ್ ಕೊಟ್ಟೆ. ಅಲ್ಲಿಂದ ಮುಂದೆ ಕೊಟ್ಟ ಆಜ್ಞೆಯೆಲ್ಲ ಹೊಸ ಡಿಸ್ಕಿನ ಡೆಬಿಯನ್ನಿಗೇ ಅನ್ವಯ.

ಮೊದಲ ಕೆಲಸ ವಿಳಾಸಗಳು. ಬಿಎಲ್‌ಕೆಐಡಿ ಆಜ್ಞೆಯಿಂದ ಮೂರೂ ಭಾಗಗಳ ಹೊಸ ಯುಯುಐಡಿ ತೆಗೆದುಕೊಂಡು ಎಫ್‌ಎಸ್‌ಟ್ಯಾಬ್‌ನಲ್ಲಿ ರೂಟ್, ಇಎಸ್‌ಪಿ, ಸ್ವಾಪ್ ಸಾಲುಗಳನ್ನು ತಿದ್ದಿದೆ. ಎಫ್‌ಎಸ್‌ಟ್ಯಾಬನ್ನು ಕೊನೆಯ ಸಾಲಿನ ತನಕ ಓದಬೇಕು. ಇಲ್ಲಿ ನಾಲ್ಕನೆಯ ಸಾಲೊಂದಿತ್ತು: ಹಳೆಯ ಡಿಸ್ಕಿನ ಮೂರನೇ ಭಾಗ, ಮುಗಿದ ಪುಸ್ತಕಗಳನ್ನು ಇಟ್ಟಿದ್ದ ಜಾಗ. ಆ ಡಿಸ್ಕ್ ಈಗ ಹೊರಗಿದೆ. ಸಾಲನ್ನು ಹಾಗೇ ಬಿಟ್ಟರೆ ಸಿಸ್ಟಮ್‌ಡಿ ಆ ಭಾಗಕ್ಕಾಗಿ 90 ಸೆಕೆಂಡ್ ಕಾಯುತ್ತದೆ, ಸಿಗದಿದ್ದಾಗ ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ. ಮತ್ತೊಂದು ಕಪ್ಪು ಪರದೆ, ಮತ್ತೆ ‘ಎಸ್‌ಎಸ್‌ಡಿ ಕೆಟ್ಟಿದೆ’ ಎಂಬ ಮಾತು. ಅದಕ್ಕೆ ‘ನೋಫೇಲ್’ ಆಯ್ಕೆ ಸೇರಿಸಿದೆ. ಈಗ ಆ ಡಿಸ್ಕ್ ಇದ್ದರೆ ಮೌಂಟ್ ಆಗುತ್ತದೆ, ಇಲ್ಲದಿದ್ದರೆ ಬೂಟ್ ಅದರ ಪಾಡಿಗೆ ಮುಂದುವರಿಯುತ್ತದೆ. ರೂಟ್ ಬಿಟ್ಟು ಬೇರೆ ಡಿಸ್ಕುಗಳ ಸಾಲಿಗೆಲ್ಲ ನೋಫೇಲ್ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಳಾಸ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇನಿಟ್‌ರಾಮ್‌ಎಫ್‌ಎಸ್ ಸೆಟ್ಟಿಂಗುಗಳ ಜಾಗದಲ್ಲಿ ‘ರೆಸ್ಯೂಮ್’ ಎಂಬ ಪುಟ್ಟ ಕಡತ ಇರಬಹುದು. ಹೈಬರ್ನೇಟ್ ಮಾಡಿದಾಗ ಮೆಮೊರಿಯನ್ನು ಯಾವ ಸ್ವಾಪ್‌ನಿಂದ ವಾಪಸ್ ತರಬೇಕು ಎಂದು ಅದರಲ್ಲಿರುತ್ತದೆ. ಅಲ್ಲಿ ಹಳೆಯ ಸ್ವಾಪ್‌ನ ಯುಯುಐಡಿ ಇತ್ತು. ಅದರಿಂದ ಬೂಟ್ ನಿಲ್ಲುವುದಿಲ್ಲ, ಆದರೆ ಪ್ರತಿ ಸಲವೂ ಸುಮ್ಮನೆ ಕಾಯಿಸುತ್ತದೆ. ಅದನ್ನೂ ತಿದ್ದಿದೆ.

ಆಮೇಲೆ ಡ್ರೈವರ್ ನೀತಿ. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಮುಖ್ಯ ಸೆಟ್ಟಿಂಗ್ ಕಡತವಾದ ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ತೆರೆದರೆ ‘ಮೋಸ್ಟ್’ ಎಂದೇ ಬರೆದಿರುತ್ತದೆ. ಅದನ್ನು ನೋಡಿ ಇಲ್ಲೇನೂ ತೊಂದರೆ ಇಲ್ಲ ಅಂದುಕೊಂಡು ಮುಂದೆ ಹೋಗುವುದು ಸಹಜ. ಇನ್‌ಸ್ಟಾಲರಿನಲ್ಲಿ ಕೊಟ್ಟ ಉತ್ತರ ಕುಳಿತಿರುವುದು ಪಕ್ಕದ ಕಾನ್ಫ್.ಡಿ ಫೋಲ್ಡರಿನ ‘ಡ್ರೈವರ್-ಪಾಲಿಸಿ’ ಎಂಬ ಕಡತದಲ್ಲಿ. ಕೊನೆಗೆ ನಡೆಯುವುದು ಅದರ ಮಾತೇ. ಅಲ್ಲಿದ್ದ ‘ಡೆಪ್’ ತೆಗೆದು ‘ಮೋಸ್ಟ್’ ಮಾಡಿದೆ. ಸಿಎಚ್‌ರೂಟ್ ಒಳಗೆ, ರೂಟ್ ಎನ್‌ವಿಎಂಇ ಮೇಲೆ ಇರುವಾಗ ‘ಡೆಪ್’ ಇದ್ದರೂ ಈಗ ಸರಿಯಾದ ಡ್ರೈವರ್ ಸೇರುತ್ತದೆ, ನಿಜ. ಆದರೆ ನಾಳೆ ಮದರ್‌ಬೋರ್ಡ್ ಕೆಟ್ಟು ಇದೇ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಬೇಕಾದರೆ ಇದೇ ಕಥೆ ಮತ್ತೆ. ಬೂಟ್ ಜಾಗದಲ್ಲಿ ಕೆಲವು ಎಂಬಿ ಉಳಿಸಲು ಇಷ್ಟು ಅಪಾಯ ಬೇಡ.

ಎಲ್ಲ ಕರ್ನಲ್ಲುಗಳಿಗೂ ಅನ್ವಯವಾಗುವಂತೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಓಡಿಸಿದೆ. ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’ ಆಜ್ಞೆಯಿಂದ ಹೊಸ ಕಡತದ ಒಳಗೆ ಎನ್‌ವಿಎಂಇ ಮಾಡ್ಯೂಲ್ ಇದೆಯೇ ನೋಡಿದೆ. ಇತ್ತು. ನೋಡದೆ ರೀಬೂಟ್ ಮಾಡುವ ಅಗತ್ಯವೇ ಇಲ್ಲ, ಒಂದು ಸಾಲಿನ ಪರೀಕ್ಷೆ.

ಉಳಿದದ್ದು ಗ್ರಬ್. ‘ಗ್ರಬ್-ಇನ್‌ಸ್ಟಾಲ್’ ಓಡಿಸಿದಾಗ ಇಎಸ್‌ಪಿಯ ಆ ಮೂರು ಸಾಲಿನ ಕಡತ ಹೊಸ ಯುಯುಐಡಿಯೊಂದಿಗೆ ಬರೆಯಲ್ಪಟ್ಟಿತು, ಫರ್ಮ್‌ವೇರ್ ಪಟ್ಟಿಯ ಸಾಲೂ ಸರಿಯಾಯಿತು. ‘ಅಪ್‌ಡೇಟ್-ಗ್ರಬ್’ ದೊಡ್ಡ ಕಾನ್ಫಿಗ್ ಕಡತವನ್ನು ತಿದ್ದಿತು. ಗ್ರಬ್-ಇನ್‌ಸ್ಟಾಲ್‌ಗೆ ಡೆಬಿಯನ್ ‘ಫೋರ್ಸ್-ಎಕ್ಸ್‌ಟ್ರಾ-ರಿಮೂವಬಲ್’ ಎಂಬ ಹೆಚ್ಚುವರಿ ಆಯ್ಕೆ ಕೊಟ್ಟಿದೆ. ಗ್ರಬ್‌ನ ಇನ್ನೊಂದು ಪ್ರತಿಯನ್ನು ಇಎಸ್‌ಪಿಯ ಸಾಮಾನ್ಯ ದಾರಿಯಲ್ಲೂ ಇಡುತ್ತದೆ. ಡಿಸ್ಕ್ ಬಿಚ್ಚಿ ಹಾಕಿದಾಗ ಕೆಲವು ಮದರ್‌ಬೋರ್ಡುಗಳು ಬೂಟ್ ಪಟ್ಟಿಯ ಸಾಲನ್ನೇ ಅಳಿಸಿಬಿಡುತ್ತವೆ. ಆಗ ಫರ್ಮ್‌ವೇರ್ ಹುಡುಕುವುದು ಆ ಸಾಮಾನ್ಯ ದಾರಿಯನ್ನೇ. ಅದನ್ನೂ ಹಾಕಿದೆ. ಕೊನೆಗೆ ‘ಇಎಫ್‌ಐಬೂಟ್‌ಎಂಜಿಆರ್’ ಪಟ್ಟಿ ನೋಡಿ, ಹಳೆಯ ಡಿಸ್ಕಿನ ಇಎಸ್‌ಪಿಯನ್ನು ತೋರಿಸುತ್ತಿದ್ದ ಸಾಲನ್ನು ಅಳಿಸಿದೆ.

ರೀಬೂಟ್. ಲಾಗಿನ್ ಪರದೆ ಬಂದಾಗ ಮೊದಲು ಕೊಟ್ಟದ್ದು ಮತ್ತೆ ‘ಫೈಂಡ್‌ಮೌಂಟ್ /’. ಈ ಸಲ ಎನ್‌ವಿಎಂಇ0ಎನ್1ಪಿ2. ಸ್ವಾಪ್ ಬಂದಿದೆಯೇ, ಇಎಸ್‌ಪಿ ಮೌಂಟ್ ಆಗಿದೆಯೇ ನೋಡಿ, ವಾರಕ್ಕೊಮ್ಮೆ ಟ್ರಿಮ್ (ಖಾಲಿಯಾದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಕೆಲಸ) ನಡೆಸುವ ಟೈಮರ್ ಚಾಲೂ ಮಾಡಿದೆ. ಡಿಸ್ಕಿನ ಆರೋಗ್ಯ ದಾಖಲೆಯಾದ ಎನ್‌ವಿಎಂಇ ಸ್ಮಾರ್ಟ್ ಲಾಗಿನಲ್ಲಿ ಮೀಡಿಯಾ ದೋಷಗಳ ಸಂಖ್ಯೆ 0 ಇತ್ತು. ವಾಪಸ್ ಕೊಡಬೇಕೆಂದಿದ್ದ ಡಿಸ್ಕ್ ಪೂರ್ತಿ ಆರೋಗ್ಯವಾಗಿತ್ತು.

ಆರ್‌ಸಿಂಕ್ ಬದಲು ಡಿಡಿಯಿಂದ ಡಿಸ್ಕಿಗೆ ಡಿಸ್ಕ್ ನಕಲು ಮಾಡಿದ್ದರೆ ತೊಂದರೆ ಬೇರೆ ರೂಪದಲ್ಲಿ ಬರುತ್ತಿತ್ತು. ಆಗ ಯುಯುಐಡಿಗಳೂ ಪಾರ್ಟಿಶನ್ ಗುರುತುಗಳೂ ಎರಡು ಡಿಸ್ಕಿನಲ್ಲಿ ಒಂದೇ ಆಗಿರುತ್ತವೆ. ವಿಳಾಸ ತಿದ್ದುವ ಕೆಲಸ ಇಲ್ಲ. ಆದರೆ ಎರಡೂ ಡಿಸ್ಕ್ ಒಟ್ಟಿಗೆ ಇದ್ದಾಗ ಯಾವುದು ಮೌಂಟ್ ಆಗುತ್ತದೆ ಎಂದು ಹೇಳಲಾಗದು, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಆದರಂತೂ ಡೇಟಾಗೇ ಅಪಾಯ. ಹಾಗೆ ನಕಲು ಮಾಡಿದವರು ಮೊದಲ ಬೂಟ್‌ಗೂ ಮುಂಚೆ ಒಂದನ್ನು ಬಿಚ್ಚಿಡಬೇಕು. ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಡ್ರೈವರ್ ಇಲ್ಲದ ತೊಂದರೆ ಮಾತ್ರ ಆಗಲೂ ಹೀಗೇ ಬರುತ್ತಿತ್ತು.

ಹಳೆಯ ಡಿಸ್ಕನ್ನು ಕೆಲವು ದಿನ ಹಾಗೇ ಕಪಾಟಿನಲ್ಲಿ ಇಡಿಸಿದೆ. ಎಲ್ಲ ಕಡತಗಳೂ ಹೊಸದರಲ್ಲಿವೆ ಎಂದು ಕಚೇರಿಯವರು ತಾವೇ ತೆರೆದು ನೋಡಿ ಒಪ್ಪಿದ ಮೇಲೆ ಅದರ ಇಎಸ್‌ಪಿ ಮತ್ತು ಹಳೆಯ ರೂಟ್ ಅಳಿಸಿ, ಮೂರನೇ ಭಾಗವನ್ನು ಮುಟ್ಟದೆ, ಮತ್ತೆ ಕೇಬಲ್ ಹಾಕಿದೆವು. ಮುಂದಿನ ಕರ್ನಲ್ ಅಪ್‌ಡೇಟ್ ಬಂದಾಗ ಅವರೇ ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಓಡಿಸಿ ಎನ್‌ವಿಎಂಇ ಮಾಡ್ಯೂಲ್ ಇದೆ ಎಂದು ನೋಡಿಕೊಂಡು, ಆಮೇಲೆ ರೀಬೂಟ್ ಮಾಡಿದರು.